ರಟ್ಟಿನ ಕಾರ್ಖಾನೆಯ ಎರಡನೇ ಡೈರೆಕ್ಟರ್

ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ, ಆಗಲೇ ನಾನು ಕಂಪನಿಯ ಇತಿಹಾಸಕ್ಕೆ ಸೇರಿಬಿಟ್ಟೆ. ಒಂದು ಸಂಜೆ ಯಜಮಾನರು ಹೊರಡುವ ಅವಸರದಲ್ಲಿ ನನ್ನ ಮೇಜಿನ ಹತ್ತಿರ ನಿಂತು, "ನಾಳೆ ಹನ್ನೊಂದಕ್ಕೆ ಬೋರ್ಡ್ ಮೀಟಿಂಗ್ ಇದೆ, ರೂಮಲ್ಲಿ ಎಲ್ಲ ರೆಡಿ ಮಾಡಿಡು" ಎಂದರು. ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಅಲ್ಲಿ ಬೋರ್ಡ್ ಎಂದರೆ ರಟ್ಟು. ಬೆಳಗಿನಿಂದ ಸಂಜೆವರೆಗೆ "ಬೋರ್ಡ್ ಬಂತಾ", "ಬೋರ್ಡ್ ಬಾಗಿದೆ", "ಆ ಬೋರ್ಡ್ ಈ ಕಡೆ ತಳ್ಳು" ಇವೇ ಮಾತು. ಹಾಗಾಗಿ ಮೀಟಿಂಗೂ ಅದರ ಬಗ್ಗೆಯೇ ಇರಬೇಕೆಂದು ನನ್ನ ಚುರುಕು ಬುದ್ಧಿಗೆ ಹೊಳೆಯಿತು.

ಮರುದಿನ ಒಂದು ಗಂಟೆ ಮೊದಲೇ ಬಂದು ಗೋದಾಮಿನಿಂದ ಮೂರು ಪದರದ್ದು, ಐದು ಪದರದ್ದು, ಏಳು ಪದರದ್ದು ಎಂದು ಹನ್ನೆರಡು ಹಾಳೆ ಹೊತ್ತು ತಂದೆ. ಫೋಟೋಗೆ ನಿಲ್ಲಿಸಿದ ಸ್ಕೂಲ್ ಮಕ್ಕಳ ಹಾಗೆ ಎತ್ತರದ ಪ್ರಕಾರ ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಹನ್ನೊಂದಕ್ಕೆ ಯಜಮಾನರು ಬಂದರು, ಹಿಂದೆ ಆಡಿಟರು, ಅವರ ಹಿಂದೆ ಗಮ್ ಮೆತ್ತಿದ ಅಂಗಿಯಲ್ಲಿ ಮೇಸ್ತ್ರಿ. ಯಜಮಾನರು ಕುರ್ಚಿ ಹಿಡಿದುಕೊಂಡು ನಕ್ಕರು. ಆಡಿಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಸ್ತ್ರಿ ಮಾತ್ರ ನಗಲಿಲ್ಲ. ಐದು ಪದರದ ಒಂದು ಹಾಳೆಯ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ, "ಇದು ತೇವ ಹಿಡಿದಿದೆ. ಯಾವ ಸಾಲಿಂದ ತಂದೆ?" ಎಂದು ಕೇಳಿದರು. ಆ ವರ್ಷದ ಬೋರ್ಡ್ ಮೀಟಿಂಗುಗಳಲ್ಲಿ ನಡೆದ ನಿಜವಾದ ಕೆಲಸ ಅದೊಂದೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಇನ್ನೊಂದು ಸಂಗತಿಯೂ ಅವತ್ತೇ ಗೊತ್ತಾಯಿತು. ಬೋರ್ಡ್ ಎಂದರೆ ಡೈರೆಕ್ಟರುಗಳ ಕೂಟ. ಕಂಪನಿ ಎಂದ ಮೇಲೆ ಕನಿಷ್ಠ ಇಬ್ಬರು ಡೈರೆಕ್ಟರು ಬೇಕು. ನಮ್ಮ ಕಂಪನಿಯಲ್ಲಿ ಒಬ್ಬರು ಯಜಮಾನರು, ಇನ್ನೊಬ್ಬರು ಈ ಮೇಸ್ತ್ರಿ.

ಕಾರ್ಖಾನೆಯಲ್ಲಿ ಅವರನ್ನು ಮುಂದೆ ಮೇಸ್ತ್ರಿ ಮಾವ ಎಂದೂ ಹಿಂದೆ ಹೆಬ್ಬೆಟ್ಟು ಎಂದೂ ಕರೆಯುತ್ತಿದ್ದರು. ಓದುಬರಹ ಬಾರದವರು ಎಂದಲ್ಲ. ಯಾವ ರಟ್ಟು ಬಂದರೂ ಬಲಗೈ ಹೆಬ್ಬೆಟ್ಟಲ್ಲಿ ಒತ್ತಿ ನೋಡದೆ ಅವರು ಒಳಗೆ ಬಿಡುತ್ತಿರಲಿಲ್ಲ. ಪರೀಕ್ಷೆ ಮಾಡುವ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇಪ್ಪತ್ತಾರು ವರ್ಷ ಒತ್ತಿ ಒತ್ತಿ ಆ ಬೆರಳಿನ ಉಗುರು ಚಪ್ಪಟೆಯಾಗಿ ಚಮಚದ ಹಾಗೆ ಅಗಲವಾಗಿತ್ತು. ಒಮ್ಮೆ ಎರಡು ಲಾರಿ ರಟ್ಟನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದರು. ಲಾರಿಯವನು, "ಸ್ವಾಮಿ, ಯಜಮಾನ್ರೇ ಓಕೆ ಅಂದಿದಾರೆ" ಎಂದರೆ ಇವರು, "ಯಜಮಾನ್ರ ಬೆರಳು ಬೇರೆ, ನನ್ ಬೆರಳು ಬೇರೆ" ಎಂದಿದ್ದರಂತೆ. ಈ ಕತೆಯನ್ನು ಕಾರ್ಖಾನೆಗೆ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಮೂರು ಜನ ಹೇಳಿದರು.

ಹಳೆಯ ಯಜಮಾನರು ತೀರಿಕೊಂಡಾಗ ಅವರ ಇಬ್ಬರು ಮಕ್ಕಳು ಜಗಳವಾಡಿ ಬೇರೆಯಾದರು. ಕಾರ್ಖಾನೆ ದೊಡ್ಡವರ, ಅಂದರೆ ಈಗಿನ ಯಜಮಾನರ ಪಾಲಿಗೆ ಬಂತು, ಆದರೆ ಡೈರೆಕ್ಟರ್ ಕುರ್ಚಿಯೊಂದು ಖಾಲಿಯಾಯಿತು. ನೆಂಟರಲ್ಲಿ ಯಾರನ್ನು ಕೂರಿಸಿದರೂ ನಾಳೆ ಪಾಲು ಕೇಳುತ್ತಾರೆ. ಮೇಸ್ತ್ರಿ ಕೇಳುವವರಲ್ಲ. ಹೀಗೆ ನಾನು ಸೇರುವುದಕ್ಕೆ ಐದು ವರ್ಷ ಮೊದಲು ಒಂದು ಬೆಳಿಗ್ಗೆ ಗಮ್ ಮೇಜಿನ ಪಕ್ಕದಿಂದ ಅವರನ್ನು ಕರೆದು, ಕೈ ತೊಳೆಸಿ, ನಾಲ್ಕು ಕಡೆ ಸಹಿ ಹಾಕಿಸಿ, ಡೈರೆಕ್ಟರ್ ಮಾಡಿ ಕಳಿಸಿದರು. ಅರ್ಧ ಗಂಟೆಯ ಕೆಲಸ. ವಾಪಸ್ ಬಂದು ಮತ್ತೆ ಗಮ್ ಕಲಸಿದರಂತೆ.

ಸಂಬಳ ಅಷ್ಟೇ ಇತ್ತು. ಸಿಕ್ಕಿದ್ದು ಬೇರೆ. ಕಂಪನಿಯ ಪತ್ರದ ತಲೆಯಲ್ಲಿ ಅವರ ಹೆಸರು ಬಂತು. ಇನ್ನೂರು ವಿಸಿಟಿಂಗ್ ಕಾರ್ಡ್ ಅಚ್ಚಾದವು. ಅದರಲ್ಲಿ ಒಂದನ್ನು ಅವರ ಹೆಂಡತಿ ಕಪಾಟಿನ ಗಾಜಿಗೆ ಸಿಕ್ಕಿಸಿದ್ದರು. ಮಗಳ ಮಾವನವರು, ಅಲ್ಲಿಯವರೆಗೆ ಇವರನ್ನು "ಅವರು" ಎಂದಷ್ಟೇ ಕರೆಯುತ್ತಿದ್ದವರು, ಆಮೇಲೆ ನಾಲ್ಕು ಜನರ ನಡುವೆ "ನಮ್ಮ ಬೀಗರು ಕಂಪನಿ ಡೈರೆಕ್ಟರು" ಎನ್ನತೊಡಗಿದರು. ಮೇಸ್ತ್ರಿ ಮಾವ ಆಗ ನೆಲ ನೋಡುತ್ತಿದ್ದರು. ಆದರೆ ಕಿವಿ ಆ ಕಡೆಯೇ ಇರುತ್ತಿತ್ತು.

ಕಾರ್ಖಾನೆಯ ಮಂದಿ ಬಿಡುತ್ತಾರೆಯೇ. ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಪಂಚಿಂಗ್ ಮಷಿನ್ ನಡೆಸುವವನು, "ಡೈರೆಕ್ಟ್ರು ಆಕ್ಷನ್ ಅಂದ್ರೆ ಶುರು ಮಾಡ್ತೀವಿ" ಎನ್ನುತ್ತಿದ್ದ. ಗಮ್ ಮೇಜಿನಲ್ಲಿ ಕೆಲಸ ಮಾಡುವ ಅಕ್ಕ, ಬಾಯಿ ಜೋರು, "ಮಾವ, ಡೈರೆಕ್ಟ್ರ ಹೆಂಡ್ತಿನೂ ನಮ್ ಜೊತೆ ಲೈನಲ್ಲಿ ನೀರು ಹಿಡೀತಾರಲ್ಲ, ಒಂದ್ ಕಾರ್ ಕೊಡ್ಸಿ" ಎನ್ನುತ್ತಿದ್ದಳು. "ಕೊಡಿಸ್ತೀನಿ, ರಟ್ಟಿಂದು" ಎನ್ನುತ್ತಿದ್ದರು ಇವರು.

ನನ್ನ ಕೆಲಸ ಟೈಪು, ಫೈಲು, ಮತ್ತು ಸಹಿ ತರುವುದು. ಬೋರ್ಡ್ ಮೀಟಿಂಗ್ ಎಂದು ನಡೆಯುತ್ತಿದ್ದುದು ಅಪರೂಪ. ಹೆಚ್ಚಿನವು ನನ್ನ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದವು. "ಇಂಥ ದಿನ ಇಂಥ ಹೊತ್ತಿಗೆ ಸಭೆ ಸೇರಿ, ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಒಮ್ಮತದಿಂದ ನಿರ್ಣಯಿಸಲಾಯಿತು" ಎಂದು ನಾನು ಟೈಪ್ ಮಾಡುತ್ತಿದ್ದೆ. ಕೂಲಂಕಷವಾಗಿ ಚರ್ಚಿಸಿದವನು ನಾನೊಬ್ಬನೇ, ಅದೂ ಕಾಗುಣಿತದ ಬಗ್ಗೆ. ಆಮೇಲೆ ಕಾಗದ ಹಿಡಿದು ಮೇಸ್ತ್ರಿ ಮಾವನ ಹತ್ತಿರ ಓಡುತ್ತಿದ್ದೆ. "ಮಾಮೂಲಿ ಮಾವ, ಬ್ಯಾಂಕಿಂದು" ಎನ್ನುತ್ತಿದ್ದೆ. ಅವರು ಅಂಗಿಗೆ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಸಹಿ ಮುದ್ದಾಗಿತ್ತು. ಕೊನೆಯ ಅಕ್ಷರದ ಬಾಲ ನದಿಯ ಹಾಗೆ ಹರಿದು ಹೋಗುತ್ತಿತ್ತು.

ನಾನು ಸೇರಿದ ಎರಡನೇ ವರ್ಷ ಯಜಮಾನರ ಹೆಂಡತಿಯ ಹೆಸರಲ್ಲಿ ಇನ್ನೊಂದು ಕಂಪನಿ ಹುಟ್ಟಿತು. ನಮ್ಮ ಕಾರ್ಖಾನೆಯಿಂದ ಎರಡು ಬೀದಿ ಆಚೆ, ಹೊಸ ಶೆಡ್ಡು, ಹೊಸ ಬಣ್ಣ. ಅದೂ ರಟ್ಟಿನ ಪೆಟ್ಟಿಗೆಯದೇ. ಮೊದಲು ನಮ್ಮಲ್ಲಿಗೆ ಬರುತ್ತಿದ್ದ ಶೂ ಕಂಪನಿಯವರ ಆರ್ಡರು, ಅಂದರೆ ನಮ್ಮ ಅರ್ಧ ಕೆಲಸ, ಆ ಕಡೆ ತಿರುಗಿತು. ನಾನೇ ಆ ಪತ್ರ ಟೈಪ್ ಮಾಡಿದ್ದು. ನನಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ. ಹೆಂಡತಿಯದಾದರೇನು, ಗಂಡನದಾದರೇನು, ಒಂದೇ ಮನೆಯ ದುಡ್ಡಲ್ಲವೇ ಎಂದುಕೊಂಡೆ. ಆ ಮನೆಯ ಆಚೆ ನಮ್ಮಂಥ ಮೂವತ್ತೆಂಟು ಮನೆ ಇವೆ ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ. ಅವುಗಳಲ್ಲಿ ಒಂದು ನನ್ನದೇ ಎಂಬುದೂ ಬರಲಿಲ್ಲ.

ಆಮೇಲೆ ಪಂಚಿಂಗ್ ಮಷಿನ್ನಿನ ನಿರ್ಣಯ ಬಂತು. ರಟ್ಟನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಮಷಿನ್ ಅದು. ನಮ್ಮ ಹತ್ತಿರ ಇದ್ದ ಒಂದೇ ದೊಡ್ಡ ಆಸ್ತಿ, ಅದಿಲ್ಲದಿದ್ದರೆ ಕಾರ್ಖಾನೆ ಬರೀ ಗೋದಾಮು. ಅದು "ಹಳತಾಗಿ ಉಪಯೋಗಕ್ಕೆ ಬಾರದ ಕಾರಣ" ಯಜಮಾನರ ಹೆಂಡತಿಯ ಕಂಪನಿಗೆ ಗುಜರಿ ಬೆಲೆಗೆ ಮಾರುವುದೆಂದು ಒಮ್ಮತದಿಂದ ನಿರ್ಣಯಿಸಲಾಯಿತು. ಕೊಳ್ಳುವವರು ತಮ್ಮ ಹೆಂಡತಿಯಾದ್ದರಿಂದ ಯಜಮಾನರ ಸಹಿ ಒಂದೇ ನಡೆಯುವಂತಿರಲಿಲ್ಲ. ಇನ್ನೊಬ್ಬ ಡೈರೆಕ್ಟರ್ ಒಪ್ಪಲೇಬೇಕಿತ್ತು. ನಾನು ಕಾಗದ ಹಿಡಿದು ಹೋದಾಗ ಮೇಸ್ತ್ರಿ ಮಾವ ಅದೇ ಮಷಿನ್ನಿನ ಪಕ್ಕ ನಿಂತಿದ್ದರು. ಸದ್ದಿನ ನಡುವೆ ನಾನು ಅವರ ಕಿವಿಯಲ್ಲಿ ಕೂಗಿದೆ.

"ಮಾಮೂಲಿ ಮಾವ, ಸೈನ್ ಹಾಕಿ."

"ಇಟ್ಟು ಹೋಗು."

"ಯಜಮಾನ್ರು ಕಾಯ್ತಿದಾರೆ."

"ಕಾಯ್ಲಿ ಬಿಡು. ಇಷ್ಟು ವರ್ಷ ನಾನು ಕಾದಿಲ್ವ."

ಊಟದ ಬೆಲ್ ಆದ ಮೇಲೆ ಹೋದೆ. ಕಾಗದ ಮಡಿಸಿ ಉಪಕರಣದ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಸಹಿ ಇತ್ತು. ಅವರು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ, ನನಗೆ ಹಸಿವಾಗಿತ್ತು.

ರಜೆಯ ದಿನ ಕ್ರೇನ್ ಬಂದು ಮಷಿನ್ ಎತ್ತಿಕೊಂಡು ಹೋಯಿತು. ಮರುದಿನ ಎಲ್ಲರೂ ಬಂದು ಆ ಜಾಗದ ಸುತ್ತ ನಿಂತರು. ನೆಲದಲ್ಲಿ ನಾಲ್ಕು ಬೋಲ್ಟಿನ ತೂತು, ನಡುವೆ ಹತ್ತು ವರ್ಷದ ಎಣ್ಣೆಯ ಕಪ್ಪು ಕಲೆ. ಮಷಿನ್ ನಡೆಸುವವನು ತಮಾಷೆ ಮಾಡಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಗಮ್ ಮೇಜಿನ ಅಕ್ಕ ಮೇಸ್ತ್ರಿ ಮಾವನನ್ನು ಕೇಳಿದಳು, "ರಿಪೇರಿಗೆ ಹೋಗಿದ್ಯಾ ಮಾವ?"

"ಕೆಲ್ಸ ನೋಡು ಹೋಗು."

"ಯಾವ್ ಕೆಲ್ಸ?"

ಅವರು ಹೋಗಿ ಗಮ್ ಕಲಸತೊಡಗಿದರು.

ಏಳು ತಿಂಗಳಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಲ ಅಲ್ಲ, ಒಂದೊಂದೇ ದೀಪ ಆರಿಸಿಕೊಂಡು ಬಂದ ಹಾಗೆ. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಟೀ ನಿಂತಿತು, ಆಮೇಲೆ ಸಂಬಳ. ಕೊನೆಗೆ ರಟ್ಟು ಪೂರೈಸುತ್ತಿದ್ದವರು ಬಾಕಿಗಾಗಿ ಕೋರ್ಟಿಗೆ ಹೋದರು. ಮುಳುಗಿದ ಕಂಪನಿಗಳ ಗಂಟು ಬಿಡಿಸುವ ಸರ್ಕಾರಿ ಅಧಿಕಾರಿಯೊಬ್ಬರು ಬಂದು ಬಾಗಿಲಿಗೆ ಬೀಗ ಹಾಕಿ, ಫೈಲುಗಳನ್ನು ಹೊತ್ತುಕೊಂಡು ಹೋದರು. ನನ್ನ ಟೈಪಿನ ಕೆಲಸವನ್ನು ಮೊದಲ ಸಲ ಯಾರೋ ಗಮನ ಕೊಟ್ಟು ಓದಿದರು. ಓದಿದ ಮೇಲೆ ಎರಡು ನೋಟಿಸು ಹೊರಟವು. ಒಂದು ಯಜಮಾನರಿಗೆ, ಒಂದು ಮೇಸ್ತ್ರಿ ಮಾವನಿಗೆ. ಕಂಪನಿಯ ಸೊತ್ತನ್ನು ಕಾಯಬೇಕಾದ ಡೈರೆಕ್ಟರುಗಳು ಅದನ್ನು ಹೊರಗೆ ಸಾಗಿಸಿದ್ದಾರೆ, ಆದ ನಷ್ಟವನ್ನು ಕೈಯಿಂದ ಯಾಕೆ ತುಂಬಿಸಬಾರದು ಎಂದು ಅದರಲ್ಲಿ ಕೇಳಿತ್ತು.

ಮೇಸ್ತ್ರಿ ಮಾವನ ಕೈಯಲ್ಲಿ ಇದ್ದದ್ದು ಎರಡು ಕೋಣೆಯ ಸ್ವಂತ ಮನೆ. ಮೇಲೆ ಶೀಟು, ಮುಂದೆ ಒಂದು ಗೇಣು ಜಗಲಿ. ಅಷ್ಟೇ. ನೋಟಿಸು ಓದಿದವರಿಗೆಲ್ಲ ಅದು ಯಾವುದರ ಮೇಲೆ ಕಣ್ಣಿಟ್ಟಿದೆ ಎಂದು ತಿಳಿಯುತ್ತಿತ್ತು.

ವಕೀಲರ ಹತ್ತಿರ ಹೋದಾಗ ಮೇಸ್ತ್ರಿ ಮಾವ, ನಾವೆಲ್ಲ ಅತ್ತೆ ಎನ್ನುತ್ತಿದ್ದ ಅವರ ಹೆಂಡತಿ, ಜೊತೆಗೆ ನಾನು. ಅಷ್ಟರಲ್ಲಿ ನನಗೆ ಟೈರ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅರ್ಧ ದಿನ ರಜೆ ಹಾಕಿ ಬಂದಿದ್ದೆ. ನನಗೆ ತಪ್ಪಿನ ಅರಿವಾಗಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಮೂರನೇ ನೋಟಿಸು ನನಗೇ ಬಂದೀತೆಂಬ ಭಯ ಇತ್ತು. ವಕೀಲರು ಫೈಲು ತಿರುವಿ ಹಾಕಿ, ಉತ್ಸಾಹದಿಂದ ಕೇಳಿದರು.

"ನಿಮ್ಮನ್ನ ಹೆಬ್ಬೆಟ್ಟು ಅಂತ ಕರೀತಾರಂತೆ ಹೌದಾ? ಓದು ಬರಹ ಇಲ್ಲ ಅಂದ್ರೆ ಕೇಸು ಅರ್ಧ ಗೆದ್ದಂಗೆ."

"ಹತ್ತನೇ ಕ್ಲಾಸ್ ಪಾಸು" ಎಂದರು ಮಾವ.

"ಛೆ" ಎಂದರು ವಕೀಲರು. ಅಷ್ಟು ಓದಿದ್ದಕ್ಕೆ ಯಾರಾದರೂ ಬೇಸರಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಇನ್ನೊಂದು ದಾರಿ ಹುಡುಕಿದರು. ಮೇಸ್ತ್ರಿ ಹೆಸರಿಗಷ್ಟೇ ಡೈರೆಕ್ಟರು. ಅವರು ಆ ನಿರ್ಣಯ ಓದಲೇ ಇಲ್ಲ. ಗುಮಾಸ್ತ ಮಾಮೂಲಿ ಕಾಗದ ಎಂದ, ಅವರು ನಂಬಿ ಸಹಿ ಹಾಕಿದರು. ಗುಮಾಸ್ತ ಬಂದು ಹಾಗಂತ ಹೇಳಬೇಕು.

"ಹೇಳ್ತೀಯೇನಪ್ಪ?" ಅತ್ತೆ ಕೇಳಿದರು.

"ಹೇಳ್ತೀನಿ ಅತ್ತೆ. ನಾನು ಹಂಗಂದಿದ್ದು ನಿಜ ತಾನೇ."

ಅತ್ತೆ ಗಂಡನ ಕಡೆ ತಿರುಗಿದರು. "ಒಂದು ರಟ್ಟನ್ನ ಹತ್ತು ಸಲ ಒತ್ತಿ ನೋಡ್ತೀರಿ. ಒಂದು ಕಾಗದನ ಒಂದು ಸಲ ನೋಡೋಕೆ ಏನಾಗಿತ್ತು ನಿಮಗೆ?"

ಮಾವ ವಕೀಲರ ಮೇಜಿನ ಗಾಜಿನ ಮೇಲಿದ್ದ ಬಿರುಕನ್ನೇ ನೋಡುತ್ತಿದ್ದರು. ನಾಚಿಕೆ ಇರಬೇಕು ಎಂದುಕೊಂಡೆ.

ವಿಚಾರಣೆಯ ಹಿಂದಿನ ವಾರವೆಲ್ಲ ನಾನು ಟೈರುಗಳ ನಡುವೆ ನಿಂತು ಸಾಕ್ಷಿಯ ಮಾತು ಅಭ್ಯಾಸ ಮಾಡಿದೆ. ತಲೆ ಎತ್ತಿ ನಿಲ್ಲಬೇಕು, "ತಪ್ಪು ನನ್ನದು" ಎನ್ನಬೇಕು, ಆಗ ಕೋಣೆ ನಿಶ್ಶಬ್ದವಾಗಬೇಕು, ಹೀಗೆಲ್ಲ. ಕೋಣೆ ಮೊದಲೇ ನಿಶ್ಶಬ್ದವಾಗಿತ್ತು. ಉದ್ದ ಮೇಜು, ಮೂಲೆಯಲ್ಲಿ ದಾರ ಕಟ್ಟಿದ ಫೈಲುಗಳ ಗುಡ್ಡೆ, ಕಿಟಕಿಗೆ ಹಳೆಯ ಕ್ಯಾಲೆಂಡರ್ ಅಡ್ಡ. ವಿಚಾರಣೆ ನಡೆಸುವ ಅಧಿಕಾರಿ ಐವತ್ತು ದಾಟಿದ ಹೆಂಗಸು, ದನಿ ಎತ್ತದವರು. ಯಜಮಾನರು ದೊಡ್ಡ ವಕೀಲರ ಜೊತೆ ಆ ಕಡೆ ಕೂತಿದ್ದರು. ನಮ್ಮ ಕಡೆ ನೋಡಿ ಮುಗುಳ್ನಕ್ಕರು ಕೂಡ, ಮೀಟಿಂಗಿಗೆ ಬಂದವರ ಹಾಗೆ.

ನನ್ನ ಸಾಕ್ಷಿ ಎರಡು ನಿಮಿಷದಲ್ಲಿ ಮುಗಿಯಿತು.

"ನೀವು ಕಂಪನಿ ಡೈರೆಕ್ಟರಾ?"

"ಅಲ್ಲ ಮೇಡಂ."

"ಡೈರೆಕ್ಟರು ಏನು ಸೈನ್ ಮಾಡಬೇಕು ಅಂತ ತೀರ್ಮಾನ ಮಾಡೋದು ನಿಮ್ಮ ಕೆಲಸನಾ?"

"ಅಲ್ಲ ಮೇಡಂ."

"ಹಾಗಾದ್ರೆ ಕೂತ್ಕೊಳಿ."

ಕೂತೆ. ತಪ್ಪು ನನ್ನದು ಎಂಬ ಮಾತಿಗೆ ಸರದಿಯೇ ಬರಲಿಲ್ಲ. ಆಮೇಲೆ ಅವರು ನಿರ್ಣಯದ ಹಾಳೆಯನ್ನು ಮೇಸ್ತ್ರಿ ಮಾವನ ಮುಂದೆ ಇಟ್ಟರು.

"ಇದನ್ನ ಓದಿ ಸೈನ್ ಹಾಕಿದ್ರಾ?"

ನಮ್ಮ ವಕೀಲರು ಎದ್ದರು. "ಓದಿಲ್ಲ ಮೇಡಂ, ಅವರು..."

"ಅವರೇ ಹೇಳ್ಲಿ."

"ಸೈನ್ ನಂದೇ" ಎಂದರು ಮಾವ.

"ಓದಿದ್ರಾ ಅಂತ ಕೇಳಿದ್ದು."

"ಸೈನ್ ನಂದೇ ಅಂದ್ನಲ್ಲಮ್ಮ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ನೋಡಿ, ಕಂಪನಿ ಅನ್ನೋದು ಯಜಮಾನರದೂ ಅಲ್ಲ, ನಿಮ್ಮದೂ ಅಲ್ಲ. ಅದಕ್ಕೆ ಅಂತ ಕೈ ಕಾಲು ಇಲ್ಲ, ನಿಮ್ಮಿಬ್ಬರದೇ ಅದಕ್ಕೆ ಕೈ. ತಂದೆ ಇಲ್ಲದ ಮಗುವಿನ ಆಸ್ತಿನ ನಿಮ್ಮ ಕೈಲಿ ಕೊಟ್ಟಂಗೆ. ಅದಕ್ಕೆ ಒಳ್ಳೇದು ಯಾವುದೋ ಅದನ್ನ ಮಾಡಬೇಕು. ಜೊತೇಲಿರೋನು ತನ್ನ ಮನೆಗೆ ಸಾಗಿಸ್ತಿದ್ರೆ ಬೇಡ ಅನ್ನಬೇಕು. ಅದಕ್ಕೇನೇ ಎರಡನೇ ಡೈರೆಕ್ಟರು ಇರೋದು. ಓದದೇ ಹಾಕಿದ್ರೆ ಕಾವಲುಗಾರ ನಿದ್ದೆ ಹೊಡೆದಂಗೆ. ಓದಿ ಹಾಕಿದ್ರೆ ಕಾವಲುಗಾರನೇ ಬಾಗಿಲು ತೆಗೆದಂಗೆ. ಎರಡರಲ್ಲೂ ಮನೆ ಖಾಲಿ. ಹೆಸರಿಗಷ್ಟೇ ಡೈರೆಕ್ಟರು ಅಂತ ಕಾನೂನಲ್ಲಿ ಒಬ್ರು ಇಲ್ಲ."

ನಮ್ಮ ವಕೀಲರು ಕೂತರು. ಅವರ ಇಡೀ ವಾದ ಅಲ್ಲಿಗೆ ಮುಗಿದಿತ್ತು. ಓದಿಲ್ಲ ಎಂಬುದು ನಮ್ಮ ಬಿಡುಗಡೆಯ ಚೀಟಿ ಎಂದು ಹಿಡಿದುಕೊಂಡು ಬಂದಿದ್ದೆವು. ಅದೇ ತಪ್ಪೊಪ್ಪಿಗೆಯಂತೆ.

ಆರು ತಿಂಗಳಿಗೆ ಆದೇಶ ಬಂತು. ಮಷಿನ್ನಿನ ನಿಜವಾದ ಬೆಲೆ ಮತ್ತು ಹೋದ ಆರ್ಡರುಗಳ ನಷ್ಟವನ್ನು ಇಬ್ಬರೂ ಸೇರಿ ತುಂಬಿಸಬೇಕು. ಒಬ್ಬರಿಂದ ಸಿಗದಿದ್ದರೆ ಇನ್ನೊಬ್ಬರಿಂದ. ಏಳು ವರ್ಷ ಇಬ್ಬರೂ ಯಾವ ಕಂಪನಿಗೂ ಡೈರೆಕ್ಟರ್ ಆಗುವಂತಿಲ್ಲ. ಈ ಕೊನೆಯ ಸಾಲು ಕೇಳಿ ಮಷಿನ್ ನಡೆಸುತ್ತಿದ್ದವನು, "ಪಾಪ, ಹೆಬ್ಬೆಟ್ಟು ಏಳು ವರ್ಷ ಹೆಂಗೆ ಕಳೀತಾರೋ" ಎಂದನಂತೆ. ಯಾರೂ ನಗಲಿಲ್ಲವಂತೆ.

ಯಜಮಾನರ ಹೆಸರಲ್ಲಿ ಹುಡುಕಿದರೆ ಒಂದು ಹಳೆಯ ಸ್ಕೂಟರ್ ಸಿಕ್ಕಿತು. ಮನೆ ಹೆಂಡತಿಯದು, ಕಾರು ಹೆಂಡತಿಯ ಅಪ್ಪನದು, ಶೆಡ್ಡಿನ ಮೇಲೆ ಬ್ಯಾಂಕಿನ ಸಾಲ. ಹೆಂಡತಿಯ ಕಂಪನಿಯ ಮೇಲೆ ಬೇರೆ ದಾವೆ ನಡೆಯಿತು, ಈಗಲೂ ನಡೆಯುತ್ತಿದೆ. ನಮ್ಮ ಪಂಚಿಂಗ್ ಮಷಿನ್ ಅಲ್ಲಿ ಈಗಲೂ ಓಡುತ್ತಿದೆ, ಬೀದಿಯಲ್ಲಿ ಹೋದರೆ ಸದ್ದು ಕೇಳುತ್ತದೆ. ಮೇಸ್ತ್ರಿ ಮಾವನ ಎರಡು ಕೋಣೆ ಮಾತ್ರ ಅವರ ಸ್ವಂತ ಹೆಸರಲ್ಲೇ, ಒಂದು ಅಕ್ಷರ ತಪ್ಪಿಲ್ಲದೆ ಇತ್ತು.

ಮನೆ ಖಾಲಿ ಮಾಡುವ ದಿನ ನಾನು ಹೋದೆ. ಮಗಳ ಮನೆಯ ಹಿಂದೆ ಒಂದು ಬಾಡಿಗೆ ಕೋಣೆ ನೋಡಿದ್ದರು. ಬೀಗರು ಬಂದಿರಲಿಲ್ಲ, ಬರುವುದಿಲ್ಲ ಎಂದು ಹೇಳಿಯೂ ಕಳಿಸಿರಲಿಲ್ಲ. ಹಳೆಯ ಕೆಲಸಗಾರರಲ್ಲಿ ಬಂದದ್ದು ಗಮ್ ಮೇಜಿನ ಅಕ್ಕ ಒಬ್ಬಳೇ. ಅವಳಿಗೆ ನಾಲ್ಕು ತಿಂಗಳ ಸಂಬಳ ಬರಬೇಕಿತ್ತು, ಈಗ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಅವಳನ್ನು ಕಂಡು, "ಬಾರಮ್ಮ, ಕೂತ್ಕೊ" ಎಂದರು.

"ಸಾಮಾನು ಹೊರೋಕೆ ಬಂದಿದೀನಿ ಅತ್ತೆ, ಮಾತಾಡೋಕಲ್ಲ."

ಅಂದಂತೆಯೇ ಮಾಡಿದಳು. ನಾಲ್ಕು ಸಲ ಗಾಡಿಗೆ ಹೊತ್ತು ಹಾಕಿ, ಮಾವನ ಪಕ್ಕದಲ್ಲೇ ಹಾದು, ಒಂದು ಮಾತಾಡದೆ ಹೊರಟುಹೋದಳು.

ಅತ್ತೆ ಒಳಗೆ ಕಪಾಟು ಒರೆಸುತ್ತಿದ್ದರು. ಇನ್ನು ಅವರದಲ್ಲದ ಕಪಾಟು, ಗೋಡೆಯೊಳಗಿನದು, ಒಯ್ಯುವಂತೆಯೂ ಇರಲಿಲ್ಲ. ಆದರೂ ಒರೆಸುತ್ತಿದ್ದರು. ಮಾವ ಜಗಲಿಯಲ್ಲಿ ಕೂತಿದ್ದರು. ನಾನು ಪಕ್ಕ ಕೂತೆ. ವಿಚಾರಣೆಯ ದಿನದಿಂದ ನನ್ನನ್ನು ಒಂದು ಪ್ರಶ್ನೆ ಕೊರೆಯುತ್ತಿತ್ತು. ಅವತ್ತು ಕೇಳಬಾರದಿತ್ತು. ಆದರೆ ನನಗೆ ನನ್ನ ಮನಸ್ಸು ಹಗುರ ಮಾಡಿಕೊಳ್ಳಬೇಕಿತ್ತು, ಅವರದಲ್ಲ. ಅವರು ಬಯ್ದರೂ ಸರಿ, ಕ್ಷಮಿಸಿದರೂ ಸರಿ, ಎರಡರಲ್ಲಿ ಒಂದು ಸಿಕ್ಕಿದರೆ ರಾತ್ರಿ ನಿದ್ದೆ ಬರುತ್ತದೆ ಎಂಬ ಲೆಕ್ಕ.

ದನಿ ತಗ್ಗಿಸಿ ಕೇಳಿದೆ. "ಮಾವ, ಬೇಜಾರು ಮಾಡ್ಕೋಬೇಡಿ. ಅವತ್ತು ನಾನು ಮಾಮೂಲಿ ಅಂದೆ ಅಂತ ತಾನೇ ನೀವು ಓದದೇ ಸೈನ್ ಹಾಕಿದ್ದು?"

ಅವರು ನನ್ನ ಕಡೆ ತಿರುಗಿದರು. ಒಳಗೆ ಅತ್ತೆ ಕಪಾಟು ಒರೆಸುವ ಸದ್ದು ಕೇಳುತ್ತಿತ್ತು. ಅವರು ದನಿ ತಗ್ಗಿಸಲಿಲ್ಲ.

"ನಿನ್ನ ಮಾತು ನಂಬ್ಕೊಂಡು ನಾನು ಟೀನೂ ಕುಡಿಯಲ್ಲ. ಎರಡು ಸಲ ಓದ್ದೆ. ಇವ್ನು ಕಂಪನಿ ಮುಗಿಸ್ತಿದಾನೆ ಅಂತ ಗೊತ್ತಾಯ್ತು. ಹಾಕಲ್ಲ ಅಂದ್ರೆ ಮಾರನೇ ದಿನದಿಂದ ನಾನು ಬರೀ ಮೇಸ್ತ್ರಿ. ಹಾಕ್ದೆ."